ಮಥುರಾಬಾಯಿ ಮಡಿ ಬಿಟ್ಟದ್ದು

ಬಾಗಲಕೋಟೆಯ ಕಿಲ್ಲಾದ ಓಣಿಯಲ್ಲಿ ಮಥುರಾಬಾಯಿ ಘಟಪ್ರಭೆಯಿಂದ ಮಡಿನೀರು ಹೊತ್ತು ಬರುತ್ತಿದ್ದಾಳೆಂದರೆ ಎದುರಿಗೆ ಬಂದವರು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದರು. ಮಾಮಲೇದಾರ ಕಚೇರಿಯ ಶಿರಸ್ತೇದಾರರೂ ನಿಲ್ಲುತ್ತಿದ್ದರು. ಎಮ್ಮೆಗಳಿಗೆ ಮಾತ್ರ ಅಷ್ಟು ಸಂಸ್ಕಾರವಿರಲಿಲ್ಲ. ಆದ್ದರಿಂದ ಎಮ್ಮೆ ಕಂಡರೆ ಅವಳೇ ಗೋಡೆಗೆ ಬೆನ್ನು ಹಚ್ಚುತ್ತಿದ್ದಳು. ಅಷ್ಟಾದರೂ ಬಾಲ ತಗುಲಿತೋ, ಕೊಡದ ನೀರನ್ನು ಅಲ್ಲೇ ಚೆಲ್ಲಿ, ಎಮ್ಮೆಯ ಒಡೆಯನ ಏಳು ತಲೆಮಾರನ್ನು ನೆನೆದು, ತಿರುಗಿ ಹೊಳೆಯ ಹಾದಿ ಹಿಡಿಯುವಳು.

ಹೊಸದಾಗಿ ಮದುವೆಯಾಗಿ ಬಂದ ಸೊಸೆಯರಿಗೆ ಅತ್ತೆಯರು ಅವಳ ಕಡೆ ಬೆರಳು ಮಾಡಿ ತೋರಿಸುತ್ತಿದ್ದರು. ಮಡಿ ಎಂದರೆ ಹಾಗಿರಬೇಕು. ಅವಳ ಕೆಂಪು ಸೀರೆ ಮಾಳಿಗೆಗೆ ತಾಗುವಂಥ ಎತ್ತರದ ಗಳದ ಮೇಲೆ ಒಣಗುತ್ತಿತ್ತು. ಅದನ್ನು ಕೋಲಿನಿಂದಲೇ ಹಾಕಬೇಕು, ಕೋಲಿನಿಂದಲೇ ತೆಗೆಯಬೇಕು. ಅವಳು ಯಾರ ಕೈಗೂ ಏನನ್ನೂ ಕೊಡುವವಳಲ್ಲ. ನೆಲದ ಮೇಲೆ ಇಟ್ಟು ಸರಿದು ನಿಲ್ಲುವಳು, ಬೇಕಾದವರು ಎತ್ತಿಕೊಳ್ಳಬೇಕು. ಯಾರಾದರೂ ಅವಳನ್ನು ಮುಟ್ಟಿ ಮಾತಾಡಿದ್ದು ಯಾವಾಗ ಎಂದು ಕೇಳಿದ್ದರೆ ಮನೆಯವರಿಗೇ ನೆನಪು ಹತ್ತುತ್ತಿರಲಿಲ್ಲ.

ಹುಟ್ಟಿದ್ದು ಇದೇ ಮನೆಯಲ್ಲಿ. ಕೊಟ್ಟಿದ್ದು ಇಳಕಲ್ಲಿಗೆ. ದೇಶದ ತುಂಬ ಜನ ಜ್ವರದಿಂದ ಉದುರಿಹೋದ ಆ ವರ್ಷ ಗಂಡನನ್ನು ಕಳೆದುಕೊಂಡು, ಇನ್ನೂ ಹದಿನಾರು ತುಂಬದ ಹುಡುಗಿ, ತಲೆ ಬೋಳಿಸಿಕೊಂಡು ತವರಿಗೆ ತಿರುಗಿ ಬಂದಳು. ಬರುವಾಗಲೇ ಆ ಮಡಿಯನ್ನು ಜೊತೆಗೆ ತಂದಿದ್ದಳು. ಇಳಕಲ್ಲಿನ ಮನೆಯ ಮಾತನ್ನು ಅವಳು ಎತ್ತುತ್ತಿರಲಿಲ್ಲ. ಕೇಳಿದರೆ ನೊಂದಾಳೆಂದು ತವರಿನವರೂ ಕೇಳಲಿಲ್ಲ, ಮತ್ತೆ ಹಾಗೇ ರೂಢಿಯಾಗಿಬಿಟ್ಟಿತು.

ಮನೆಯಲ್ಲಿ ಇದ್ದವರು ತಮ್ಮ ಪಂಢರೀನಾಥ, ಅವನ ಹೆಂಡತಿ ಪ್ರೇಮಾಬಾಯಿ, ಅವರ ಒಬ್ಬನೇ ಮಗ ದತ್ತಾತ್ರೇಯ. ಪಂಢರೀನಾಥ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಮಾಸ್ತರ. ಲೆಕ್ಕದಲ್ಲಿ ಹುಲಿ, ನಾಲ್ಕು ಮಂದಿಯ ಮಾತಿಗೆ ಮಾತ್ರ ಇಲಿ. ಪ್ರೇಮಾಬಾಯಿ ಹೆರಿಗೆಯಾದ ಮೇಲೆ ವರ್ಷಾನುಗಟ್ಟಲೆ ಹಾಸಿಗೆ ಹಿಡಿದದ್ದರಿಂದ ದತ್ತುವನ್ನು ಬೆಳೆಸಿದ್ದು ಮಥುರಾಬಾಯಿಯೇ. ಕೂಸಿಗೆ ಮಡಿ ಇಲ್ಲ ಎಂಬ ಶಾಸ್ತ್ರವನ್ನು ಹಿಡಿದು ಅವಳು ಅವನನ್ನು ಎತ್ತಿ ಆಡಿಸಿದಳು. ಅವನಿಗೆ ಮುಂಜಿಯಾಗುವವರೆಗೂ ಆ ಶಾಸ್ತ್ರವನ್ನು ಹಿಗ್ಗಿಸಿ ಹಿಗ್ಗಿಸಿ ಬಳಸಿದಳು. ಮುಂಜಿಯ ದಿನ ಎಲ್ಲರೂ ಸಂತೋಷದಲ್ಲಿದ್ದಾಗ ಅವಳು ಹಿತ್ತಲಲ್ಲಿ ಕೂತು ಅತ್ತದ್ದನ್ನು ಹೂವು ಕೀಳಲು ಬಂದ ನೆರೆಮನೆಯ ತುಳಸೀಬಾಯಿ ನೋಡಿದ್ದಳು.

ಆ ದತ್ತು ಇಂಟರ್ ಸಾಯನ್ಸಿನಲ್ಲಿ ಮೇಲಿನ ದರ್ಜೆಯಲ್ಲಿ ಪಾಸಾಗಿ, ಪುಣೆಯ ಮೆಡಿಕಲ್ ಕಾಲೇಜಿನಲ್ಲಿ ಜಾಗ ಸಿಕ್ಕಿತೆಂದು ಸುದ್ದಿ ಬಂದಾಗ ಓಣಿಗೆಲ್ಲ ಸಕ್ಕರೆ ಹಂಚಿದರು. ಮಥುರಾಬಾಯಿ ಮಾತ್ರ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ.

"ಅಲ್ಲೆ ಹೆಣಾ ಕೊಯ್ತಾರಂತ," ಎಂದಳು ತಮ್ಮನಿಗೆ. "ಯಾವ ಜಾತಿದೋ, ಯಾವ ರೋಗದ್ದೋ. ಅದನ್ನ ಮುಟ್ಟಿದ ಕೈಲೆ ನಾಳೆ ದೇವರ ಪೂಜಿ ಮಾಡ್ತಾನೇನು?"

"ಜೀವಾ ಉಳಸೋ ವಿದ್ಯಾ ಅಕ್ಕಾ ಅದು. ಹೆಣಾ ನೋಡ್ಲಾರ್ದ ಹೆಂಗ ಕಲೀಬೇಕು?"

ವಾದ ಭಾಳ ದಿನ ನಡೆಯಿತು. ಕೊನೆಗೆ ಅವಳು ಸೋತಳು, ಆದರೆ ಪುಕ್ಕಟೆ ಸೋಲಲಿಲ್ಲ. ಹೊರಡುವ ದಿನ ದತ್ತುವನ್ನು ತುಳಸಿಕಟ್ಟೆಯ ಮುಂದೆ ನಿಲ್ಲಿಸಿದಳು.

"ಕಟ್ಟಿ ಮ್ಯಾಲ ಕೈ ಇಡು. ಹೆಣಾ ಮುಟ್ಟಿದ ದಿನ ತಲಿಮ್ಯಾಲ ನೀರು ಹಾಕ್ಕೊಳ್ಳದ ನೀ ಒಂದು ತುತ್ತೂ ಬಾಯಾಗ ಇಡಬಾರದು. ಆ ಕೈಲೆ ಮತ್ತೊಬ್ಬರಿಗೂ ಕೊಡಬಾರದು. ಕೊಟ್ರ ಅವರಿಗೆ ಕೇಡು. ಆಣಿ ಮಾಡು."

ದತ್ತು ನಕ್ಕ. ಪುಣೆಯ ಹುರುಪಿನಲ್ಲಿದ್ದ ಹುಡುಗ; ತುಳಸಿಕಟ್ಟೆಯೇನು, ಆನೆಯ ಬಾಯಿಯಲ್ಲಿ ಬೇಕಾದರೂ ಕೈ ಇಡುತ್ತಿದ್ದ. "ಆತು ಅತ್ಯಾ, ಆಣಿ," ಎಂದ. ಅವಳು ತಾನೇ ಮಾಡಿದ ಶೇಂಗಾದ ಉಂಡಿಯ ಡಬ್ಬಿಯನ್ನು ನೆಲದ ಮೇಲಿಟ್ಟು ಸರಿದು ನಿಂತಳು, ಅವನು ಎತ್ತಿಕೊಂಡ.

ಮೊದಲ ವರ್ಷದ ಸೂಟಿಗೆ ಬಂದಾಗ ಅವನು ಮೊದಲಿನ ದತ್ತುವೇ ಆಗಿದ್ದ. ಊಟಕ್ಕೆ ಕೂತರೆ ಎಲುಬಿನ ಹೆಸರುಗಳನ್ನು ಮಂತ್ರದ ಹಾಗೆ ಒದರಿ ತಾಯಿಯನ್ನು ಹೆದರಿಸುತ್ತಿದ್ದ. ಹೊತ್ತು ಹೋಗದಿದ್ದರೆ ಮುನಸಿಪಾಲಿಟಿ ದವಾಖಾನೆಗೆ ಹೋಗಿ ಡಾಕ್ಟರ್ ಖಾದರಬಾಷಾ ಅವರ ಹಿಂದೆ ಹಿಂದೆ ತಿರುಗುತ್ತಿದ್ದ. ಚಿಕ್ಕಂದಿನಲ್ಲಿ ಅವರ ಸ್ಟೆಥೊಸ್ಕೋಪನ್ನು ಕಿವಿಗೆ ಹಾಕಿಕೊಂಡೇ ಅವನಿಗೆ ಈ ಹುಚ್ಚು ಹತ್ತಿದ್ದು.

ಎರಡನೆಯ ವರ್ಷ, ಐವತ್ನಾಲ್ಕರ ದೀಪಾವಳಿಗೆ ಬಂದ ದತ್ತು ಬೇರೆ.

ಸ್ಟೇಶನ್ನಿನಿಂದ ಟಾಂಗಾದಲ್ಲಿ ಬಂದವನು ಹೊಸ್ತಿಲು ದಾಟಲಿಲ್ಲ. ಪ್ರೇಮಾಬಾಯಿ ಓಡಿ ಬಂದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಮುಟ್ಟಬ್ಯಾಡ ಅವ್ವಾ. ಸ್ನಾನಾ ಮಾಡ್ತೇನಿ ಮೊದಲ," ಎಂದ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಂಡೆ ಬರಿದಾಯಿತು. ಬಂದವನು ಸೊರಗಿದ್ದ, ಕಣ್ಣು ಒಳಗೆ ಹೋಗಿದ್ದವು.

ಮಥುರಾಬಾಯಿಗೆ ಕಂಡದ್ದು ಆ ಕಣ್ಣಲ್ಲ, ಆ ಸ್ನಾನ. ಅವಳ ಎದೆ ತುಂಬಿ ಬಂತು.

ಅಂದಿನಿಂದ ಮನೆಯಲ್ಲಿ ಎರಡು ಮಡಿಗಳಾದವು. ದತ್ತುವಿಗೂ ಒಂದು ಗಳ ಕಟ್ಟಿದರು. ಅವನ ತಂಬಿಗೆ ಬೇರೆ, ಕೊಡ ಬೇರೆ, ಮಣೆ ಬೇರೆ. ಅವನು ಯಾರ ಕೈಗೂ ಏನನ್ನೂ ಕೊಡಲಿಲ್ಲ, ನೆಲದ ಮೇಲಿಟ್ಟು ಸರಿದು ನಿಂತ. ಬೇರೆ ಯಾವ ಮನೆಯಲ್ಲಾದರೂ ಇದು ಎರಡನೆಯ ದಿನಕ್ಕೇ ವಿಪರೀತವಾಗಿ ಕಾಣುತ್ತಿತ್ತು. ಈ ಮನೆಯಲ್ಲಿ ಅದು ಮೆರೆಯಿತು. "ಪುಣೇಕ ಹೋದ ಹುಡುಗರು ಶೆಂಡಿ ಕತ್ತರಿಸ್ಕೊಂಡು ಹಾಟೇಲಿನ್ಯಾಗ ಉಣ್ತಾವ. ನಿಮ್ಮ ದತ್ತೂನ ನೋಡ್ರಿ," ಎಂದು ತುಳಸೀಬಾಯಿ ಹೊಗಳಿದಾಗ ಮಥುರಾಬಾಯಿ, "ಎಲ್ಲಾ ಆ ತುಳಸೀದೇವೀದು," ಎಂದು ವಿನಯ ತೋರಿಸಿದಳು. ಆ ವಿನಯವನ್ನು ಓಣಿಯ ಆ ತುದಿಯವರೆಗೆ ಕೇಳಿಸುವಂತೆ ತೋರಿಸಿದಳು. ನೀರು ಸಾಲದೆ ಬಂದಾಗ ತಾನೇ ಹೊಳೆಗೆ ಇನ್ನೂ ಹೆಚ್ಚಿಗೆ ತಿರುಗಿದಳು. ಐವತ್ತು ದಾಟಿದ ಹೆಂಗಸು, ಸೊಂಟದ ನೋವನ್ನು ಲೆಕ್ಕಕ್ಕೆ ಹಿಡಿಯದೆ, ಅವನ ಕಾಯಿಲೆಗೆ ಬೇಕಾದ ನೀರನ್ನೆಲ್ಲ ಹೊತ್ತು ಹೊತ್ತು ಹಾಕಿದಳು.

ದೀಪಾವಳಿ ಮುಗಿಯಿತು. ಸೂಟಿ ಮುಗಿಯಿತು. "ಇನ್ನೆರಡು ದಿನ ಇದ್ದು ಹೋಗ್ತೇನಿ," ಎಂದ ದತ್ತು. ಆ ಎರಡು ದಿನ ಕಾರ್ತಿಕವನ್ನು ದಾಟಿ ಮಾರ್ಗಶಿರಕ್ಕೆ ಬಂದವು. ಪೆಟ್ಟಿಗೆಯಲ್ಲಿದ್ದ ಪುಸ್ತಕಗಳು ಹೊರಗೆ ಬರಲಿಲ್ಲ. ಪಂಢರೀನಾಥ ಕೇಳಿದರೆ, "ಅಲ್ಲೇನೂ ಈಗ ನಡ್ಯೂದಿಲ್ಲ ಅಪ್ಪಾ," ಎನ್ನುತ್ತಿದ್ದ.

ಪ್ರೇಮಾಬಾಯಿ ಒಂದು ದಿನ ಧೈರ್ಯ ಮಾಡಿ ನಾದಿನಿಯ ಹತ್ತಿರ ಬಂದಳು. "ಅವನ ಕೈ ನೋಡೀರೇನ್ರಿ ಅಕ್ಕಾ? ತೊಗಲು ಕಿತ್ತು ಕಿತ್ತು ಬಂದದ. ರಕ್ತಾ ಬರ್ತದ."

"ಥಂಡಿಗೆ ಒಡದಾವ. ತುಪ್ಪಾ ಹಚ್ಚು."

"ಹಚ್ಚಲಿಕ್ಕೆ ಮುಟ್ಟಗೊಡ್ಬೇಕಲ್ರಿ ಅವಾ. ನನ್ನ ಮಗನ್ನ ನಾ ಮುಟ್ಟಿ ಎಷ್ಟು ದಿನಾ ಆತು."

"ಮಡಿಯೊಳಗ ಇದ್ದವನ್ನ ಯಾಕ ಮುಟ್ಟಬೇಕು?" ಎಂದು ಮಥುರಾಬಾಯಿ ಗದರಿದಳು. ಪ್ರೇಮಾಬಾಯಿ ಸೆರಗಿನಿಂದ ಕಣ್ಣೊರಸಿಕೊಂಡು ಒಳಗೆ ಹೋದಳು. ಆ ತಾಯಿಗೆ ಕಾಣಿಸುತ್ತಿತ್ತು. ಆದರೆ ಆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಇರಲಿಲ್ಲ, ಅದೇ ಸಂಕಟ.

ಮುಂದಿನ ರವಿವಾರ ಡಾಕ್ಟರ್ ಖಾದರಬಾಷಾ ತಾವಾಗಿ ಮನೆಗೆ ಬಂದರು. ಈ ಸಲ ಹುಡುಗ ದವಾಖಾನೆಯ ಕಡೆ ಹಾಯಲೇ ಇಲ್ಲವಲ್ಲ ಎಂದು ಅವರಿಗೆ ಅನುಮಾನ. ಹೊರಗಿನ ಕಟ್ಟೆಯ ಮೇಲೆ ಕೂತರು. ದತ್ತು ಬಾಗಿಲವರೆಗೆ ಬಂದು ನಮಸ್ಕಾರ ಮಾಡಿ, ದೂರದಿಂದಲೇ ನಾಲ್ಕು ಮಾತಾಡಿ ಒಳಗೆ ಹೋದ. ಡಾಕ್ಟರರು ಅವನ ಮಾತು ಕೇಳಿದ್ದಕ್ಕಿಂತ ಕೈ ನೋಡಿದ್ದೇ ಹೆಚ್ಚು.

"ಮಾಸ್ತರ, ಇದು ಮಡಿ ಅಲ್ರಿ," ಎಂದರು ಮೆಲ್ಲಗೆ. "ಮನಸಿನ ಜಡ್ಡು ಐತಿ. ಡಾಕ್ಟರಕಿ ಓದೋ ಹುಡುಗರಿಗೆ ಇಂಥಾದ್ದು ಆಗ್ತೈತಿ. ನಿನ್ನೆ ಮೊನ್ನೆ ತನಕ ಅವ್ವನ ಕೈತುತ್ತು ಉಂಡ ಹುಡುಗರನ್ನ ಒಮ್ಮೆಲೇ ಹೆಣದ ಮುಂದ ನಿಲ್ಲಸ್ತೇವಿ. ಹೆದರಿಕಿ ಆತು ಅಂದ್ರ ಮಂದಿ ನಗ್ತಾರ. ನನ್ನ ಜೋಡಿ ಓದೋ ಒಬ್ಬಾವ ಇದ್ದ, ಯಾವಾಗ ನೋಡಿದ್ರೂ ತನ್ನ ನಾಡಿ ತಾನ ಹಿಡ್ಕೊಂಡು ಕುಂದ್ರಾವ. ನಾವೆಲ್ಲಾ ಚಾಷ್ಟಿ ಮಾಡಿದ್ವಿ."

"ಏನಾತ್ರಿ ಅವಗ?"

"ನಡುವ ಬಿಟ್ಟು ಹೋದ. ಎಲ್ಲಿಗಂತ ನಾವ್ಯಾರೂ ಕೇಳಲಿಲ್ಲ." ಡಾಕ್ಟರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಿಮ್ಮ ಹುಡುಗನ್ನ ಧಾರವಾಡಕ್ಕ ತೋರಸ್ರಿ. ಅಲ್ಲಿ ನನಗ ಗುರ್ತಿನವರದಾರ."

ಧಾರವಾಡ ಎಂಬ ಮಾತು ಕೇಳಿದ್ದೇ ಪಂಢರೀನಾಥನ ಮುಖ ಬಿಳುಪಾಯಿತು. ನಮ್ಮ ಕಡೆ ಯಾರನ್ನಾದರೂ ಧಾರವಾಡಕ್ಕೆ ಕಳಿಸಬೇಕು ಎಂದರೆ ಅದಕ್ಕೆ ಒಂದೇ ಅರ್ಥ, ಅಲ್ಲಿನ ಹುಚ್ಚರ ದವಾಖಾನೆ. ಸಣ್ಣ ಮಕ್ಕಳೂ ಜಗಳದಲ್ಲಿ ಆ ಮಾತನ್ನು ಬೈಗುಳವಾಗಿ ಬಳಸುತ್ತವೆ. ಅವನು ಎದ್ದು ನಿಂತು, "ನಮ್ಮ ಹುಡುಗಗೇನೂ ಆಗಿಲ್ಲ ಡಾಕ್ಟರ," ಎಂದ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ ಮಥುರಾಬಾಯಿಗೆ ಸಿಟ್ಟು ನೆತ್ತಿಗೇರಿತ್ತು. ಡಾಕ್ಟರರು ಓಣಿ ತಿರುಗುವುದೇ ತಡ, "ಮುಸಲರಿಗೆ ನಮ್ಮ ಮಡಿ ಏನು ತಿಳೀಬೇಕು," ಎಂದಳು. ಹಾಗಂದಳು, ಆದರೆ ಆ ದಿನ ಅವಳಿಗೆ ಊಟ ರುಚಿಸಲಿಲ್ಲ.

ಮರುದಿನ ಬೆಳಗಿನ ಹೊತ್ತು ಅವಳು ಎಂದಿನಂತೆ ಹೊಳೆಗೆ ಹೋದಳು. ಹೆಂಗಸರ ಘಾಟಿನ ಮೇಲುಗಡೆ, ಎದೆಮಟ್ಟದ ನೀರಿನಲ್ಲಿ ದತ್ತು ನಿಂತು ಮುಳುಗು ಹಾಕುತ್ತಿದ್ದ. ಅವಳು ನೋಡಿ ಹಿಗ್ಗಿದಳು. ಕೊಡ ತುಂಬಿ ಮನೆಗೆ ಹೋಗಿ, ಹಂಡೆಗೆ ಸುರಿದು, ಇನ್ನೊಂದು ಕೊಡಕ್ಕೆ ಬಂದಾಗಲೂ ಅವನು ಅಲ್ಲೇ ಇದ್ದ. ಮಾರ್ಗಶಿರದ ನೀರು, ಕಾಲಿಟ್ಟರೆ ಎಲುಬಿಗೆ ಹತ್ತುವಂಥದ್ದು. ಅವನ ತುಟಿ ನೀಲಿಯಾಗಿದ್ದವು. ಮುಳುಗುವುದು, ಏಳುವುದು, ತುಟಿ ಅಲುಗಿಸಿ ಏನೋ ಎಣಿಸುವುದು, ತಲೆ ಅಲ್ಲಾಡಿಸುವುದು, ಮತ್ತೆ ಮುಳುಗುವುದು.

"ದತ್ತೂ, ಸಾಕಿನ್ನ. ಮ್ಯಾಲ ಬಾ."

ಅವನು ಅವಳ ಕಡೆ ನೋಡಿದ. "ಬರ್ತೇನಿ ಅತ್ಯಾ. ಎಣಿಕಿ ತಪ್ಪೇದ. ಇನ್ನೊಮ್ಮೆ ಮೊದಲಿಂದ ಮಾಡಿ ಬರ್ತೇನಿ."

ಮಥುರಾಬಾಯಿಯ ಕೈಯಿಂದ ಕೊಡ ಜಾರಿತು.

ಎಣಿಕಿ ತಪ್ಪೇದ. ಈ ಮಾತು ಅವಳದು. ಇದನ್ನು ಅವಳು ಇಳಕಲ್ಲಿನ ಅತ್ತೆಮನೆಯ ಬಾವಿಕಟ್ಟೆಯ ಮೇಲೆ ನಿಂತು ಅದೆಷ್ಟು ಸಲ ಹೇಳಿದ್ದಳೋ. ಮನೆಮಂದಿಯೆಲ್ಲ ಜ್ವರದಿಂದ ಮಲಗಿದ್ದರು. ಅವಳು ಮುಟ್ಟಾಗಿ ಹೊರಗೆ ಕೂತಿದ್ದಳು. ಗಂಡ ಒಳಗಿನಿಂದ ನೀರು ನೀರು ಎಂದು ಕೂಗಿದ. ಕೊಡುವವರು ಯಾರೂ ಇರಲಿಲ್ಲ. ಹದಿನೈದರ ಹುಡುಗಿ, ತಡೆಯಲಾರದೆ ಎದ್ದು ಹೋಗಿ, ಅದೇ ಕೈಯಿಂದ ನೀರು ಕುಡಿಸಿದಳು. ಬೆಳಗಾಗುವುದರೊಳಗೆ ಅವನು ತೀರಿಕೊಂಡ. ಅತ್ತೆ ಎದ್ದು ಕೂತು ಒಂದೇ ಮಾತು ಅಂದಳು, ಯಾವ ಕೈಲೆ ಕೊಟ್ಟೀ ಎಂದು. ಆ ಕೈಯನ್ನು ಅವಳು ಅಂದು ತೊಳೆಯಲು ತೊಡಗಿದಳು. ಮಣ್ಣಿನಿಂದ, ಹುಣಿಸೆಯಿಂದ, ಬೂದಿಯಿಂದ ಎಣಿಸಿ ಎಣಿಸಿ ತಿಕ್ಕಿ ತೊಳೆದಳು. ತೊಳೆದಷ್ಟೂ ಅದು ಹಾಗೇ ಇತ್ತು. ನೋಡಿದವರು, ಪಾಪ ಹುಡುಗಿ ಎನ್ನಲಿಲ್ಲ; ಎಂಥಾ ಮಡಿ, ಎಂಥಾ ಸಂಸ್ಕಾರ ಎಂದರು. ಆ ಹೊಗಳಿಕೆಯನ್ನು ಹಿಡಿದುಕೊಂಡು ಅವಳು ಇಲ್ಲಿಯವರೆಗೆ ಬಂದಿದ್ದಳು.

ತನಗೆ ಬಂದದ್ದೇ ಹುಡುಗನಿಗೂ ಬಂದಿದೆ. ಇಷ್ಟು ದಿನ ಅದಕ್ಕೆ ನೀರು ಹೊತ್ತವಳು ತಾನು.

ಅವಳು ಉಟ್ಟ ಮಡಿಸೀರೆಯಲ್ಲೇ ನೀರಿಗೆ ಇಳಿದು ಅವನ ಕೈ ಹಿಡಿದಳು. ಮುಂಜಿಯಾದ ಮೇಲೆ ಅವನನ್ನು ಅವಳು ಮುಟ್ಟಿದ್ದು ಅದೇ ಮೊದಲು. ಕೈ ಕೈಯಾಗಿ ಉಳಿದಿರಲಿಲ್ಲ, ಒರಟು ಕಂಬಳಿಯ ಚೂರಿನಂತಿತ್ತು.

"ಬಿಡು ಅತ್ಯಾ," ಎಂದು ಅವನು ಕೊಸರಿದ. "ಮುಟ್ಟಬ್ಯಾಡ. ಸಾಯ್ತೀ ನೀ."

"ಯಾರು ಹೇಳಿದ್ರು?"

"ವಸಂತ ಸತ್ತಾ."

ನೀರಿನಲ್ಲೇ ನಿಂತು ಅವನು ಹೇಳಿದ. ವಸಂತ ಎಂದರೆ ಸಾತಾರೆಯ ಹುಡುಗ, ಹಾಸ್ಟೆಲಿನಲ್ಲಿ ಇವನ ಕೋಣೆಯವನು. ಒಂದು ಮಧ್ಯಾಹ್ನ ಇಬ್ಬರೂ ಹೆಣ ಕೊಯ್ಯುವ ಕೋಣೆಯಿಂದ ಹಸಿದು ಬಂದರು. ನಳದಲ್ಲಿ ನೀರಿರಲಿಲ್ಲ. ದತ್ತು ಡಬ್ಬಿ ತೆಗೆದು ಅತ್ಯಾ ಕಳಿಸಿದ ಶೇಂಗಾದ ಉಂಡಿಯನ್ನು ಮುರಿದು ಅರ್ಧ ತಾನು ತಿಂದು ಅರ್ಧ ಅವನಿಗೆ ಕೊಟ್ಟ. ಸ್ವಲ್ಪ ದಿನಕ್ಕೆ ವಸಂತನಿಗೆ ಜ್ವರ ಬಂತು, ವಿಷಮಜ್ವರ ಎಂದರು, ಉಳಿಯಲಿಲ್ಲ. ಅವನ ತಂದೆ ಬಂದು ಹಾಸಿಗೆ ಸುತ್ತಿಕೊಂಡು ಹೋದರು. ಮರುದಿನದಿಂದ ಮತ್ತೆ ಅದೇ ಹೆಣದ ಕೋಣೆ, ಅದೇ ಪಾಠ. ಯಾರೂ ಒಂದು ಮಾತು ಆಡಲಿಲ್ಲ.

"ವಿಷಮಜ್ವರ ಹೆಂಗ ಬರ್ತದ ನನಗ ಗೊತ್ತದ. ಮೆಸ್ಸಿನ ನೀರಿಂದ ಬಂದಿತ್ತು, ಇನ್ನಿಬ್ಬರಿಗೂ ಬಂತು. ಹೆಣದಿಂದ ಬರೂದಿಲ್ಲ, ಉಂಡಿಯಿಂದ ಬರೂದಿಲ್ಲ. ಪರೀಕ್ಷಾದಾಗ ಬರದು ಮಾರ್ಕ್ಸ್ ತಗೊಂಡೇನಿ." ಅವನ ಹಲ್ಲು ಕಟಕಟ ಎನ್ನುತ್ತಿದ್ದವು. "ತಲಿಗೆ ಗೊತ್ತದ ಅತ್ಯಾ. ಕೈಗೆ ಗೊತ್ತಿಲ್ಲ."

"ಆ ಆಣಿ ನಾ ಹಾಕಿಸಿದ್ದು. ನಾನ ತಗೀತೇನಿ. ಇವತ್ತಿಗೆ ಅದು ಮುಗೀತು."

"ನೀ ತಗದ್ರ ವಸಂತ ಬರ್ತಾನೇನು?"

ಬರಿಯ ಬಾಯಿಮಾತಿನಿಂದ ಇದು ಹೋಗುವಂಥದ್ದಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಅವನ ಕೈ ಬಿಡದೆ ದಂಡೆಗೆ ಎಳೆದಳು. ಕೊಡವನ್ನು ಅಲ್ಲೇ ಬಿಟ್ಟಳು. ತೊಯ್ದ ಸೀರೆಯಲ್ಲಿ, ಎತ್ತರದ ಹುಡುಗನ ಕೈ ಹಿಡಿದುಕೊಂಡು, ಕಿಲ್ಲಾದ ಓಣಿಯಲ್ಲಿ ಹಾಡಹಗಲು ನಡೆದು ಬಂದಳು. ಗೋಡೆಗೆ ಬೆನ್ನು ಹಚ್ಚಿ ನಿಂತ ಜನ ಬೆನ್ನು ತೆಗೆಯುವುದನ್ನೇ ಮರೆತರು. ದಾರಿಯಲ್ಲಿ ಒಂದು ಎಮ್ಮೆಯೂ ಸಿಕ್ಕಿತು, ಬಾಲವನ್ನೂ ಬೀಸಿತು. ಅವಳು ಹಿಂದಿರುಗಿ ನೋಡಲಿಲ್ಲ.

ಮನೆಗೆ ಬಂದವಳು ಅವನಿಗೆ ಒಣಬಟ್ಟೆ ಉಡಿಸಿ, ತಾನೂ ಉಟ್ಟು, ಪಡಸಾಲೆಯಲ್ಲಿ ಕೂಡಿಸಿದಳು. ಅವನು ಓಣಿಯ ಗೋಡೆಯನ್ನೂ ಬಾಗಿಲ ಚಿಲಕವನ್ನೂ ಮುಟ್ಟಿದ್ದ ಕೈಯನ್ನು ತೊಡೆಯಿಂದ ದೂರ ಹಿಡಿದುಕೊಂಡು ಕೂತ. ಅವಳು ಒಳಗಿನಿಂದ ಒಂದು ಶೇಂಗಾದ ಉಂಡಿ ತಂದು ಅವನ ಅಂಗೈಯಲ್ಲಿಟ್ಟಳು. ನೆಲದ ಮೇಲಿಡಲಿಲ್ಲ.

"ಮುರಿ. ಅರ್ಧಾ ನನಗ ಕೊಡು."

"ಕೈ ತೊಳ್ಕೊಂಡು ಬರ್ತೇನಿ."

"ತೊಳೀದ ಕೊಡು."

ಬಾಗಿಲಲ್ಲಿ ಪ್ರೇಮಾಬಾಯಿ ನಿಂತಿದ್ದಳು. ದತ್ತು ಬೆವರಿದ. ಉಂಡಿ ಮುರಿಯಿತೋ ನಡುಕಕ್ಕೆ ಪುಡಿಯಾಯಿತೋ ತಿಳಿಯಲಿಲ್ಲ. ಮಥುರಾಬಾಯಿ ಕೈಯೊಡ್ಡಿದಳು. ನಿಜ ಹೇಳಬೇಕೆಂದರೆ ಅವಳಿಗೆ ಹುಡುಗನಿಗಿಂತ ಹೆಚ್ಚು ಹೆದರಿಕೆಯಾಗಿತ್ತು. ಮಡಿಯನ್ನು ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡಳು, ಅಗಿದಳು, ನುಂಗಿದಳು.

"ಈಗ ಇಬ್ರೂ ಕೂಡೂಣು. ನಾನೂ ಕೈ ತೊಳ್ಯೂದಿಲ್ಲ, ನೀನೂ ತೊಳೀಬ್ಯಾಡ. ನಾ ಸತ್ರ ನಿಂದು ಖರೆ."

ಕೂತರು. ಅವಳ ಅಂಗೈ ಉರಿಯತೊಡಗಿತು. ಎದ್ದು ಬಚ್ಚಲಿಗೆ ಹೋಗಬೇಕೆಂದು ಮೈಯೆಲ್ಲ ಜಗ್ಗಿತು. ಆ ಉರಿಯಲ್ಲೇ ಅವಳು ಇಳಕಲ್ಲಿನ ಕತೆಯನ್ನು ಹೇಳಿದಳು. ಮುಟ್ಟಿನ ಮಾತನ್ನು ಗಂಡುಹುಡುಗನ ಮುಂದೆ ಹೇಳಬಾರದೆಂಬ ನಾಚಿಕೆಯನ್ನೂ ಬಿಟ್ಟು ಹೇಳಿದಳು. ದತ್ತು ಅವಳ ಮುಖವನ್ನೇ ನೋಡುತ್ತಿದ್ದ.

"ಅವರು ಜ್ವರದಿಂದ ಸತ್ರು ಅತ್ಯಾ. ನಿನ್ನ ಕೈಯಿಂದ ಅಲ್ಲ. ಆ ವರ್ಷ ಎಲ್ಲಾ ಕಡೆ ಹಂಗ ಸತ್ತಾರ."

"ನನಗದು ಹೇಳಲಿಕ್ಕೆ ಆಗ ಯಾರೂ ಇದ್ದಿದ್ದಿಲ್ಲ." ಅವಳು ಸೆರಗಿನಿಂದ ಮೂಗೊರಸಿಕೊಂಡಳು. "ನನ್ನ ಕೈ ಯಾರೂ ಹಿಡೀಲಿಲ್ಲ ದತ್ತೂ. ಭಾಳ ಛಲೋ ಹುಡುಗಿ ಅಂತ ದೂರ ನಿಂತು ಹೊಗಳಿದ್ರು. ನಿನ್ನ ನಾ ಹಂಗ ಬಿಡೂದಿಲ್ಲ."

ಹೊತ್ತು ಇಳಿಯಿತು. "ನೋಡು, ಇನ್ನೂ ಸತ್ತಿಲ್ಲ ನಾ. ನಿಮ್ಮಪ್ಪ ಸಾಲಿಯಿಂದ ಬರೂತನಾ ತಡೀತೇನಂತ ಕಾಣ್ತದ," ಎಂದಳು. ದತ್ತು ನಕ್ಕ, ನಗುತ್ತ ಅಳತೊಡಗಿದ. ಪ್ರೇಮಾಬಾಯಿ ಓಡಿ ಬಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವನು ಕೊಸರಿಕೊಳ್ಳಲಿಲ್ಲ.

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದರೆ ಅದು ಸುಳ್ಳಾಗುತ್ತದೆ. ಸಂಜೆ ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಭಾಳ ಹೊತ್ತು ಬರಲಿಲ್ಲ. ಮಥುರಾಬಾಯಿ ಆ ನೀರಿನ ಸಪ್ಪಳ ಕೇಳುತ್ತ ಹೊರಗೆ ನಿಂತು, ಇದು ತನ್ನೊಬ್ಬಳ ಕೈಲಾಗುವ ಕೆಲಸವಲ್ಲ ಎಂದು ತಿಳಿದುಕೊಂಡಳು. ತಮ್ಮನನ್ನು ಕರೆದು, ಡಾಕ್ಟರನ್ನು ಕರೆಸು, ಧಾರವಾಡಕ್ಕೆ ಕರೆದುಕೊಂಡು ಹೋಗು ಎಂದಳು.

ಪಂಢರೀನಾಥ ತಲೆ ಹಿಡಿದುಕೊಂಡು ಕೂತ. "ಓಣಿಯವರು ಏನಂತಾರ ಅಕ್ಕಾ? ನಾಳೆ ಅವಗ ಹೆಣ್ಣು ಯಾರು ಕೊಡ್ತಾರ? ಡಾಕ್ಟರ್ ಆಗಬೇಕಾದಾಂವ ಹುಚ್ಚರ ದವಾಖಾನ್ಯಾಗ ಇದ್ದು ಬಂದಾ ಅಂದ್ರ ಅವನ ಕಡೆ ಯಾರು ಬರ್ತಾರ?"

"ಹುಡುಗ ಉಳದ್ರ ಹೆಣ್ಣು ನೋಡೂಣಂತ. ಹೊಳ್ಯಾಗ ಅವನ ತುಟಿ ನೀ ನೋಡಿಲ್ಲ ಪಂಢರೀ, ನಾ ನೋಡೇನಿ."

"ಪುಣೇಕ ಹೋದಾ ಅಂತ ಹೇಳೂಣು. ಅಷ್ಟರ ಮಾಡು."

ಹಾಗೇ ಆಗಲಿ ಎಂದು ಅವಳು ಒಪ್ಪಿಕೊಂಡಳು. ಡಾಕ್ಟರ್ ಖಾದರಬಾಷಾ ರಜೆ ಹಾಕಿ ತಾವೇ ಜೊತೆಗೆ ಹೊರಟರು. ಟಾಂಗಾ ಓಣಿ ದಾಟಿ ಹೋದ ಮೇಲೆ ತುಳಸೀಬಾಯಿ ತನ್ನ ಬಾಗಿಲಲ್ಲಿ ನಿಂತು, ರೂಢಿಯಂತೆ ಮಡಿಗೆ ತಾಗದಷ್ಟು ದೂರ ಸರಿದು, "ಪುಣೇಕ ಹೋದಾ ಏನ್ರಿ ದತ್ತೂ? ಅಂಥಾ ಮಡಿವಂತ ಹುಡುಗ, ಮನಿ ಬಿಕೋ ಅಂತದ ನೋಡ್ರಿ," ಎಂದಳು. ಅವಳ ಹಿಂದೆ ಇನ್ನೂ ನಾಲ್ಕು ಹೆಂಗಸರಿದ್ದರು.

ಮಥುರಾಬಾಯಿ ಹೂಂ ಎಂದು ಒಳಗೆ ಹೋಗಬಹುದಾಗಿತ್ತು. ಒಂದು ಹೆಜ್ಜೆ ಇಟ್ಟೂ ಇದ್ದಳು. ಆದರೆ ಆ ಮಡಿವಂತ ಎಂಬ ಮಾತು ಅವಳನ್ನು ನಿಲ್ಲಿಸಿತು.

"ಪುಣೇಕಲ್ಲ. ಧಾರವಾಡಕ್ಕ," ಎಂದಳು. "ಅದು ಮಡಿ ಅಲ್ಲ ತುಳಸೀ. ಜಡ್ಡು. ನನಗೂ ಅದ ಆಗಿತ್ತು. ನೀವೆಲ್ಲಾ ಹೊಗಳಿದ್ರಿ, ನಾ ಹಿಗ್ಗಿದೆ. ನಿನ್ನ ಸೊಸೀಗೆ ನನ್ನ ಕಡೆ ಬೊಟ್ಟು ಮಾಡಿ ತೋರಸಬ್ಯಾಡ ಇನ್ನ."

ಸಂಜೆಯೊಳಗೆ ಆ ಮಾತು ಓಣಿಯ ತುಂಬ ಹಬ್ಬಿತು. ಪಂಢರೀನಾಥ ಅಕ್ಕನೊಡನೆ ಒಂದು ತಿಂಗಳು ಮಾತು ಬಿಟ್ಟ.

ದತ್ತು ಧಾರವಾಡದಲ್ಲಿ ಯುಗಾದಿಯವರೆಗೆ ಇದ್ದ. ಅಲ್ಲಿನ ಡಾಕ್ಟರರು ಮದ್ದಿಗಿಂತ ಮಾತು ಹೆಚ್ಚು ಬಲ್ಲವರಾಗಿದ್ದರು. ಓದಿನ ಒಂದು ವರ್ಷ ಕೈತಪ್ಪಿ ಹೋಯಿತು. ಜೊತೆಯವರು ಮುಂದೆ ಹೋದರು, ಇವನು ಪುಣೆಗೆ ತಿರುಗಿ ಹೋಗಿ ಅದೇ ತರಗತಿಯಲ್ಲಿ ಮತ್ತೆ ಕೂತ. ನಡುನಡುವೆ ಕೈಗೆ ಆ ಉರಿ ತಿರುಗಿ ಬರುತ್ತಿತ್ತು. ಆಗ ಮುಚ್ಚಿಡದೆ ಹೇಳುತ್ತಿದ್ದ. ಸೂಟಿಗೆ ಬಂದಾಗಲೆಲ್ಲ ಟಾಂಗಾ ಇಳಿದವನು ಹೊಸ್ತಿಲಲ್ಲೇ, ಧೂಳಿನ ಕೈಯಿಂದಲೇ ಅತ್ಯಾನ ಬಾಯಿಗೆ ಏನಾದರೂ ಒಂದು ತುಣುಕು ಹಾಕಬೇಕು. ಅವಳು ಮುಖ ಕಿವಿಚಿ, ಬೈದು, ತಿನ್ನುತ್ತಿದ್ದಳು. ಮಡಿಯನ್ನು ಅವಳು ಪೂರ್ತಿ ಬಿಡಲಿಲ್ಲ, ಆ ವಯಸ್ಸಿನಲ್ಲಿ ಪೂರ್ತಿ ಬಿಟ್ಟು ಎಲ್ಲಿಗೆ ಹೋಗಬೇಕು? ಆದರೆ ಎಮ್ಮೆ ತಗುಲಿದರೆ ನೀರು ಚೆಲ್ಲುವುದನ್ನು ಬಿಟ್ಟಳು. ಓಣಿಯ ಕೂಸುಗಳನ್ನು ಎತ್ತಿಕೊಳ್ಳಲು ಕಲಿತಳು. ವಯಸ್ಸಾಯಿತು, ಮಡಿ ಸಡಿಲಾಯಿತು ಎಂದರು ಜನ. ಅನ್ನಲಿ ಎಂದು ಸುಮ್ಮನಿದ್ದಳು.

ಐವತ್ತೊಂಬತ್ತರ ಚಳಿಗಾಲದಲ್ಲಿ ಪಂಢರೀನಾಥ ಪಾಠ ಹೇಳುತ್ತಲೇ ಎದೆ ಹಿಡಿದುಕೊಂಡು ಕುಸಿದ. ದತ್ತು ಆಗ ಡಾಕ್ಟರನಾಗಿ ಪುಣೆಯ ಆಸ್ಪತ್ರೆಯೊಂದರಲ್ಲಿದ್ದ. ತಂತಿ ತಲುಪಿ ಅವನು ಬರುವುದಕ್ಕೂ ಹೆಣ ಎತ್ತುವುದಕ್ಕೂ ಸರಿಹೋಯಿತು. ಮಗನಾಗಿ ಅವನೇ ತಂದೆಯ ಹೆಣಕ್ಕೆ ನೀರೆರೆದ, ಅವನೇ ಹೆಗಲು ಕೊಟ್ಟ, ಅವನೇ ಬೆಂಕಿ ಹಿಡಿದು ನಡೆದ. ಹೆಂಗಸರು ಮನೆಯಲ್ಲಿ ಉಳಿದರು.

ಸುಟ್ಟು ಬಂದವರು ಹೊಳೆಯಲ್ಲಿ ಮುಳುಗಿ ಬರಬೇಕು. ಅದೇ ಹೊಳೆ, ಅದೇ ಚಳಿ. ಮಥುರಾಬಾಯಿಗೆ ತಮ್ಮ ಹೋದ ದುಃಖ ಒಂದು ಕಡೆ. ಅದಕ್ಕಿಂತ ದೊಡ್ಡದಾಗಿ ಆ ನೀರು ಕಣ್ಣ ಮುಂದೆ ನಿಂತಿತ್ತು. ಹೊಸ್ತಿಲ ಬಳಿ ದೀಪ, ಬೇವಿನ ಸೊಪ್ಪು, ಕಾಲು ತೊಳೆಯಲು ತುಂಬಿದ ಹಂಡೆ, ತಂಬಿಗೆ ಇಟ್ಟು ಓಣಿಯ ತಿರುವನ್ನೇ ನೋಡುತ್ತ ನಿಂತಳು. ಪ್ರೇಮಾಬಾಯಿ ಅವಳ ಕೈ ಹಿಡಿದಿದ್ದಳು. ಮೊದಲು ಡಾಕ್ಟರ್ ಖಾದರಬಾಷಾ ಕಾಣಿಸಿದರು, ಆಮೇಲೆ ಸಾಲೆಯ ಮಾಸ್ತರರು, ಆಮೇಲೆ ಓಣಿಯ ಗಂಡಸರು. ದತ್ತು ಕಾಣಲಿಲ್ಲ.

ಗುಂಪು ಹತ್ತಿರ ಬಂದು ಸರಿದಾಗ ಹಿಂದೆ ಅವನಿದ್ದ. ತೊಯ್ದ ಧೋತರ, ತಲೆಯಿಂದ ಇಳಿಯುತ್ತಿದ್ದ ನೀರು. ಎಲ್ಲರ ಹಾಗೆ ಮುಳುಗು ಹಾಕಿ, ಎಲ್ಲರ ಜೊತೆಗೆ ಎದ್ದು ಬಂದಿದ್ದ. ಹೊಸ್ತಿಲ ಬಳಿ ಬಂದು ಬೇವಿನ ಎಲೆ ಬಾಯಿಗೆ ಹಾಕಿಕೊಂಡು, ಹಂಡೆಯಿಂದ ಒಂದು ತಂಬಿಗೆ ನೀರು ತೆಗೆದು ಕಾಲಿಗೆ ಹಾಕಿಕೊಂಡ. ಹಂಡೆಯಲ್ಲಿ ನೀರು ಇನ್ನೂ ತುಂಬ ಇತ್ತು. ಅವನು ಒಂದು ಗಳಿಗೆ ಅದನ್ನು ನೋಡಿದ, ಅತ್ಯಾನೂ ನೋಡಿದಳು. ಆಮೇಲೆ ತಂಬಿಗೆಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ.